ಗಂಡನ ವೀಸಾಕ್ಕಾಗಿ ಹೆಂಡತಿ ಮೊದಲೇ ವಿಮಾನ ಹತ್ತಬೇಕಿಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ವಾಚಕರ ವಿಭಾಗದಲ್ಲಿ ಹಾಸನದ ತಾಯಿಯೊಬ್ಬರ ಪತ್ರ ಓದಿದೆ. ಅವರ ಮಗಳು ಅಮೆರಿಕದಲ್ಲಿ ಹುಟ್ಟಿದವಳು, ಹಾಗಾಗಿ ಅಲ್ಲಿನ ಪ್ರಜೆ. ಬೆಳೆದದ್ದು, ಓದಿದ್ದು, ಮದುವೆಯಾದದ್ದು ಎಲ್ಲಾ ಇಲ್ಲೇ. ಈಗ ಗಂಡನ ಜೊತೆ ಅಲ್ಲಿಗೆ ಹೋಗಿ ನೆಲೆಸುವ ಆಸೆ. ಆದರೆ ಮಗಳು ಮೊದಲು ಒಬ್ಬಳೇ ಹೋಗಿ, ಕೆಲಸ ಹಿಡಿದು, ಮನೆ ಮಾಡಬೇಕು, ಗಂಡನಿಗೆ ಅರ್ಜಿ ಹಾಕುವುದು ಆಮೇಲೆ ಎಂದು ಯಾರೋ ಏಜೆಂಟ್ ಹೇಳಿದ್ದಾರಂತೆ. ಮದುವೆಯಾಗಿ ವರ್ಷ ತುಂಬದ ಹುಡುಗಿ ಮುಂದಿನ ತಿಂಗಳು ಹೊರಟಿದ್ದಾಳೆ. ಗಂಡ ಹೆಂಡಿರನ್ನು ಹೀಗೆ ಬೇರೆ ಮಾಡುವ ಕಾನೂನು ಎಂಥದ್ದು ಎಂದು ತಾಯಿ ನೊಂದು ಕೇಳಿದ್ದಾರೆ.

ಅಮ್ಮಾ, ಅಂಥ ಕಾನೂನು ಇಲ್ಲ. ನಮ್ಮ ಮನೆಯಲ್ಲೂ ಇದೇ ಕಥೆ ನಡೆದದ್ದರಿಂದ ಬರೆಯುತ್ತಿದ್ದೇನೆ. ತೊಂಬತ್ತರ ದಶಕದಲ್ಲಿ ನಾನು ನ್ಯೂಜೆರ್ಸಿಯಲ್ಲಿ ಎಂಜಿನಿಯರ್ ಆಗಿದ್ದೆ. ಮಗಳು ಹುಟ್ಟಿದ್ದು ಅಲ್ಲಿ. ಅವಳು ಪ್ರೈಮರಿ ಶಾಲೆಯಲ್ಲಿದ್ದಾಗ ಮೈಸೂರಿಗೆ ವಾಪಸ್ ಬಂದೆವು. ಆಮೇಲೆ ಅವಳು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಸ್ಪೀಚ್ ಥೆರಪಿಸ್ಟ್ ಆದಳು. ಇಲ್ಲಿನ ಹುಡುಗನನ್ನೇ ಮದುವೆಯಾದಳು. ಅಳಿಯನ ಇಮಿಗ್ರೆಂಟ್ ವೀಸಾಕ್ಕೆ, ಅಂದರೆ ಅಲ್ಲಿ ನೆಲೆಸಲು ಬೇಕಾದ ವೀಸಾಕ್ಕೆ, ಅವಳು ಅರ್ಜಿ ಹಾಕಿದ್ದು ಕುವೆಂಪುನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು. ವೀಸಾ ಕೈಗೆ ಬರುವ ತನಕ ಇಬ್ಬರೂ ಇಲ್ಲೇ ಇದ್ದರು. ಹೊರಟದ್ದೂ ಒಂದೇ ವಿಮಾನದಲ್ಲಿ.

ಮೊದಲ ಹೆಜ್ಜೆ ಐ-130 ಎಂಬ ಪಿಟಿಷನ್. ಇವರು ನನ್ನ ಗಂಡ, ನಾನು ಅಮೆರಿಕದ ಪ್ರಜೆ, ನಮ್ಮ ಮದುವೆ ನಿಜವಾದದ್ದು ಎಂದು ಅಲ್ಲಿನ ಇಮಿಗ್ರೇಷನ್ ಇಲಾಖೆಗೆ ಹೇಳುವ ಕಾಗದ ಅಷ್ಟೇ. ಅದನ್ನು ಯಾವ ದೇಶದಲ್ಲಿ ಕುಳಿತಾದರೂ ಆನ್‌ಲೈನಿನಲ್ಲಿ ಹಾಕಬಹುದು. 2024ರ ಏಪ್ರಿಲ್‌ನಿಂದ ಆನ್‌ಲೈನ್ ಶುಲ್ಕ 625 ಡಾಲರ್, ಕಾಗದದಲ್ಲಿ ಹಾಕಿದರೆ 675. ಪ್ರಜೆಯ ಗಂಡ ಅಥವಾ ಹೆಂಡತಿಗೆ ವರ್ಷಕ್ಕೆ ಇಷ್ಟೇ ವೀಸಾ ಎಂಬ ಮಿತಿ ಇಲ್ಲ. ಸರದಿ ಕಾಯುವ ಪಾಡು ಪ್ರಜೆಯಲ್ಲದೆ ಬರೀ ಗ್ರೀನ್ ಕಾರ್ಡ್ (ಅಲ್ಲಿ ಕಾಯಂ ಇರಲು ಪರವಾನಗಿ) ಇರುವವರ ಗಂಡ ಹೆಂಡಿರಿಗೆ. ಆ ಕಾರ್ಡ್ ಇರುವವರು ಇಲ್ಲಿ ಬಂದು ಕುಳಿತರೆ ಕಾರ್ಡಿಗೇ ಕುತ್ತು ಬರಬಹುದು. ಏಜೆಂಟರು ಈ ಎರಡನ್ನೂ ಕಲಸಿ ಹೇಳುತ್ತಾರೆ, ಗೊಂದಲ ಅಲ್ಲಿಂದಲೇ ಶುರು ಎಂದು ನನ್ನ ಅನುಮಾನ.

ಇನ್ನೊಂದು ಮಾತು. ಮದುವೆ ಸಾಚಾ ಎಂದು ತೋರಿಸಬೇಕಲ್ಲ, ಅದಕ್ಕೆ ಒಂದೇ ಸೂರಿನಡಿ ಸಂಸಾರ ಮಾಡುವುದಕ್ಕಿಂತ ಒಳ್ಳೆಯ ಸಾಕ್ಷಿ ಯಾವುದಿದೆ? ನಮ್ಮ ಮಕ್ಕಳು ಇಬ್ಬರ ಹೆಸರಿನಲ್ಲಿದ್ದ ಬಾಡಿಗೆ ಕರಾರು, ಬ್ಯಾಂಕಿನ ಜಂಟಿ ಖಾತೆ, ಎಲ್‌ಐಸಿ ಪಾಲಿಸಿಯ ನಾಮಿನಿ ಪುಟ, ಗ್ಯಾಸ್ ಬುಕ್ಕಿನ ವಿಳಾಸ ಎಲ್ಲ ಹಾಕಿದರು. ಧಾರೆಯ ಫೋಟೋ ಹೇಗೂ ಇತ್ತು. ಗೃಹಪ್ರವೇಶ, ನಾಮಕರಣ ಎಂದು ನೆಂಟರ ಮನೆಗಳಲ್ಲಿ ತೆಗೆದ ಫೋಟೋಗಳೂ ಸೇರಿದವು. ಹುಡುಗಿ ಒಬ್ಬಳೇ ಹೋಗಿಬಿಟ್ಟರೆ? ಆಗ ವಾಟ್ಸಾಪ್ ಕರೆಗಳ ಪಟ್ಟಿ, ವಿಮಾನದ ಟಿಕೆಟ್ಟು, ಇಂಥವುಗಳ ಮೇಲೆಯೇ ಜಾಸ್ತಿ ನಿಲ್ಲಬೇಕಾಗುತ್ತದೆ. ಅಂದರೆ ಕೈಯಲ್ಲಿರುವ ಗಟ್ಟಿ ಸಾಕ್ಷಿಯನ್ನು ದುಡ್ಡು ಕೊಟ್ಟು ಕಳೆದುಕೊಂಡ ಹಾಗೆ.

ಕಾಯುವುದರಲ್ಲಿ ಒಂದು ಲಾಭವೂ ಇದೆ. ಅಮೆರಿಕದ ನೆಲಕ್ಕೆ ಕಾಲಿಡುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ಆಗಿರದಿದ್ದರೆ ಸಿಗುವುದು ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಅದು ಮುಗಿಯುವ ಮುಂಚಿನ 90 ದಿನಗಳೊಳಗೆ ಐ-751 ಎಂಬ ಇನ್ನೊಂದು ಅರ್ಜಿ ಹಾಕಿ ಷರತ್ತು ತೆಗೆಸಬೇಕು. ಎರಡು ವರ್ಷ ದಾಟಿದ್ದರೆ ನೇರವಾಗಿ ಹತ್ತು ವರ್ಷದ ಕಾರ್ಡ್.

ಹಾಗಾದರೆ ಏಜೆಂಟ್ ಹೇಳಿದ್ದು ಪೂರ್ತಿ ಸುಳ್ಳೇ? ಪೂರ್ತಿ ಅಲ್ಲ. ಅರ್ಧ ನಿಜ ಇದೆ. ಅದೇ ಅಪಾಯ.

ಪಿಟಿಷನ್ ಮಂಜೂರಾದ ಮೇಲೆ ಫೈಲು ನ್ಯೂಹ್ಯಾಂಪ್‌ಶೈರಿನ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತದೆ. ಅಲ್ಲಿ ಹೆಂಡತಿ ಐ-864 ಎಂಬ ಜವಾಬ್ದಾರಿ ಪತ್ರ ಕೊಡಬೇಕು. ಬರುವವನು ಸರ್ಕಾರಕ್ಕೆ ಹೊರೆಯಾಗದಂತೆ ನೋಡಿಕೊಳ್ಳುತ್ತೇನೆ ಎಂಬ ಕರಾರು ಅದು. ಆ ಪತ್ರಕ್ಕೆ ಸಹಿ ಹಾಕುವವರ ಡೊಮಿಸೈಲ್, ಅಂದರೆ ಕಾಯಂ ನೆಲೆ, ಅಮೆರಿಕದಲ್ಲಿರಬೇಕು. ಮೈಸೂರಿನಲ್ಲಿ ಇಪ್ಪತ್ತು ವರ್ಷ ಇದ್ದವಳಿಗೆ ಅಲ್ಲಿ ನೆಲೆ ಎಲ್ಲಿಂದ ಬರಬೇಕು? ಏಜೆಂಟ್ ಇಲ್ಲಿಗೆ ಮಾತು ನಿಲ್ಲಿಸುತ್ತಾನೆ. ನಿಯಮ ಮಾತ್ರ ಇಲ್ಲಿಗೆ ನಿಲ್ಲುವುದಿಲ್ಲ. ಗಂಡ ಅಮೆರಿಕಕ್ಕೆ ಹೋಗಿ ಇಳಿಯುವ ದಿನಕ್ಕೆ, ಅಥವಾ ಅದಕ್ಕೆ ಮೊದಲು, ತಾನೂ ಅಲ್ಲಿ ನೆಲೆಸುತ್ತೇನೆ ಎಂದು ಆಧಾರ ಸಮೇತ ತೋರಿಸಿದರೆ ಸಾಕು. ಜೊತೆಯಲ್ಲೇ ಹೋಗಬಹುದು. ಗಂಡ ಮೊದಲು ಹೋಗಿ ಹೆಂಡತಿ ನಿಧಾನಕ್ಕೆ ಬರುತ್ತೇನೆ ಅಂದರೆ ಮಾತ್ರ ಆಗುವುದಿಲ್ಲ.

ಬರೀ ಬಾಯಿಮಾತು ನಡೆಯುವುದಿಲ್ಲ. ನಮ್ಮ ಮಗಳು ಅಲ್ಲಿನ ಬ್ಯಾಂಕಿನಲ್ಲಿ ಖಾತೆ ಇಟ್ಟುಕೊಂಡಿದ್ದಳು. ಇಲ್ಲಿನ ಪದವಿಯನ್ನು ಅಲ್ಲಿನ ಲೈಸೆನ್ಸಿಗೆ ತೂಗಿ ನೋಡಲು ಕೊಟ್ಟು, ಅದರ ರಸೀದಿ ಇಟ್ಟಳು. ಕೆಲಸಕ್ಕೆ ಹಾಕಿದ ಅರ್ಜಿಗಳು, ಬಂದ ಉತ್ತರಗಳು. ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮ, ಇಬ್ಬರೂ ಬಂದು ನಮ್ಮ ಮನೆಯಲ್ಲೇ ಇರುತ್ತಾರೆ ಎಂದು ಪತ್ರ ಬರೆದು ಕೊಟ್ಟ. ಇಲ್ಲಿನ ಬಾಡಿಗೆ ಮನೆ ಬಿಡುವ ನೋಟಿಸು, ಸಾಮಾನು ಸಾಗಿಸುವವರ ಕೊಟೇಷನ್ನು ಕೂಡ ಸೇರಿಸಿದೆವು. ಇವುಗಳಲ್ಲಿ ಯಾವುದೂ ಒಂದೇ ಸಾಲುವುದಿಲ್ಲ. ಎಲ್ಲ ಸೇರಿದಾಗ, ಇವರು ಹೊರಟೇ ಬಿಟ್ಟಿದ್ದಾರೆ ಎಂದು ಓದುವವರಿಗೆ ಗೊತ್ತಾಗಬೇಕು.

ದುಡ್ಡಿನ ಲೆಕ್ಕ ಬೇರೆ. ಇಲ್ಲಿನ ಸಂಬಳ ಎಷ್ಟೇ ಇರಲಿ, ಅಲ್ಲಿಗೆ ಹೋದ ಮೇಲೂ ಅದೇ ಕಡೆಯಿಂದ ಬರುತ್ತದೆ ಎಂದು ತೋರಿಸಿದರೆ ಮಾತ್ರ ಎಣಿಸುತ್ತಾರೆ. ಅಲ್ಲಿನ ಬಡತನ ರೇಖೆಯ ಶೇ 125ರಷ್ಟು ಆದಾಯ ಬೇಕು. 2025ರ ಪಟ್ಟಿಯಲ್ಲಿ ಇಬ್ಬರ ಸಂಸಾರಕ್ಕೆ ಅದು ವರ್ಷಕ್ಕೆ 26,437 ಡಾಲರ್. ಆದಾಯ ಇಲ್ಲದಿದ್ದರೆ ಆಸ್ತಿ ತೋರಿಸಬಹುದು, ಆದರೆ ಪ್ರಜೆಯ ಗಂಡ ಹೆಂಡಿರ ವಿಷಯದಲ್ಲಿ ಕೊರತೆಯ ಮೂರು ಪಟ್ಟು ಬೇಕು. ಅದೂ ಒಂದು ವರ್ಷದೊಳಗೆ ನಗದಾಗುವಂಥದ್ದು. ತಾತನ ಹೆಸರಿನಲ್ಲೇ ಉಳಿದ ಜಮೀನಿನ ಪಹಣಿ ಹಿಡಿದುಕೊಂಡು ಹೋಗಿ ಪ್ರಯೋಜನವಿಲ್ಲ. ಹೀಗಾಗಿ ಹೆಚ್ಚಿನವರು ಜಂಟಿ ಸ್ಪಾನ್ಸರ್, ಅಂದರೆ ಜೊತೆಗೆ ಜವಾಬ್ದಾರಿ ಹೊರುವ ಇನ್ನೊಬ್ಬರನ್ನು, ಹುಡುಕುತ್ತಾರೆ. ನಮಗೆ ನನ್ನ ತಮ್ಮನೇ ಆದ. ಅವನ ಮನೆಯ ನಾಲ್ಕು ಜನ, ಜೊತೆಗೆ ನಮ್ಮ ಅಳಿಯ, ಒಟ್ಟು ಐದು ಜನರ ಲೆಕ್ಕಕ್ಕೆ 47,062 ಡಾಲರ್ ಬೇಕಿತ್ತು. ಅವನ ಟ್ಯಾಕ್ಸ್ ರಿಟರ್ನ್ ಅದಕ್ಕಿಂತ ಎಷ್ಟೋ ಮೇಲಿತ್ತು.

ಎರಡು ವಿಷಯ ಇಲ್ಲಿ ಗಮನಿಸಬೇಕು. ಜಂಟಿ ಸ್ಪಾನ್ಸರ್ ದುಡ್ಡಿನ ಕೊರತೆ ತುಂಬುತ್ತಾರೆ, ಡೊಮಿಸೈಲಿನ ಕೊರತೆಯನ್ನಲ್ಲ. ಅದನ್ನು ಹೆಂಡತಿಯೇ ತೋರಿಸಬೇಕು. ಇನ್ನೊಂದು, ಸ್ಪಾನ್ಸರ್ ಆಗುವವರಿಗೆ ಪೂರ್ತಿ ವಿಷಯ ಹೇಳಿ ಸಹಿ ಹಾಕಿಸಿಕೊಳ್ಳಿ. ಬಂದವನು ಅಲ್ಲಿನ ಪ್ರಜೆಯಾಗುವವರೆಗೆ ಅಥವಾ ನಲವತ್ತು ತ್ರೈಮಾಸಿಕಗಳ ದುಡಿಮೆ ಅವನ ಲೆಕ್ಕಕ್ಕೆ ಸೇರುವವರೆಗೆ ಹೊಣೆ ಇರುತ್ತದೆ. ಡೈವೋರ್ಸ್ ಆದರೂ ಅದು ಮುಗಿಯುವುದಿಲ್ಲ. ನನ್ನ ತಮ್ಮನಿಗೆ ಇದನ್ನು ಓದಿ ಹೇಳಿದಾಗ ಅವನ ಹೆಂಡತಿ ಒಂದು ನಿಮಿಷ ಸುಮ್ಮನಾಗಿ, ಆಮೇಲೆ 'ಹುಡುಗ ಒಳ್ಳೆಯವನು ಅಲ್ವಾ ಭಾವ?' ಎಂದು ಕೇಳಿದಳು. ಕೇಳಿದ್ದು ಸರಿಯೇ.

ಹಾಸನದ ತಾಯಿ ತಮ್ಮ ಪತ್ರದಲ್ಲಿ ಹೇಳದ ಒಂದು ವಿಷಯವನ್ನು ನಾನೇ ಕೇಳಬೇಕು. ಮಗಳು ಅಮೆರಿಕಕ್ಕೆ ಟ್ಯಾಕ್ಸ್ ರಿಟರ್ನ್ ಹಾಕುತ್ತಿದ್ದಾಳಾ? ಆ ದೇಶದ ಪ್ರಜೆ ಎಲ್ಲಿ ದುಡಿದರೂ ಆದಾಯ ಮಿತಿ ದಾಟಿದರೆ ಅಲ್ಲಿಗೂ ರಿಟರ್ನ್ ಸಲ್ಲಿಸಬೇಕು. ವಿದೇಶಿ ಸಂಬಳಕ್ಕೆ ದೊಡ್ಡ ವಿನಾಯಿತಿ ಇರುವುದರಿಂದ ಕಟ್ಟುವುದು ಸಾಮಾನ್ಯವಾಗಿ ಏನೂ ಇರುವುದಿಲ್ಲ, ಆದರೆ ಸಲ್ಲಿಸುವುದು ತಪ್ಪುವುದಿಲ್ಲ. ಬ್ಯಾಂಕ್ ಖಾತೆಗಳ ಮೊತ್ತ ವರ್ಷದಲ್ಲಿ ಯಾವಾಗಲಾದರೂ 10,000 ಡಾಲರ್ ದಾಟಿದರೆ ಅದನ್ನೂ ಬೇರೆಯಾಗಿ ತಿಳಿಸಬೇಕು. ಅಲ್ಲಿ ಹುಟ್ಟಿ ಇಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ಹೇಳಿಕೊಡುವವರೇ ಇಲ್ಲ. ಐ-864 ಜೊತೆ ಇತ್ತೀಚಿನ ರಿಟರ್ನ್ ಇಡಬೇಕು, ಹಾಕುವ ಅಗತ್ಯ ಇಲ್ಲದಿದ್ದರೆ ಯಾಕೆಂದು ಬರೆದುಕೊಡಬೇಕು. ಗೊತ್ತಿಲ್ಲದೆ ಬಿಟ್ಟವರು ಮೂರು ವರ್ಷದ ರಿಟರ್ನ್, ಆರು ವರ್ಷದ ಖಾತೆ ವಿವರ ಕೊಟ್ಟು ಸರಿಮಾಡಿಕೊಳ್ಳುವ ದಾರಿಯನ್ನು ಅಲ್ಲಿನ ತೆರಿಗೆ ಇಲಾಖೆಯೇ ಇಟ್ಟಿದೆ. ಐ-130 ಓಡುತ್ತಿರುವಾಗಲೇ ಈ ಕೆಲಸ ಮುಗಿಸಿಕೊಳ್ಳಿ.

ಏಜೆಂಟರ ಬಗ್ಗೆ ಜಾಸ್ತಿ ಬರೆದು ಜಾಗ ಹಾಳು ಮಾಡುವುದಿಲ್ಲ. ಸರ್ಕಾರಕ್ಕೆ ಕಟ್ಟುವ ಶುಲ್ಕ ಪಿಟಿಷನ್‌ಗೆ 625, ವೀಸಾಕ್ಕೆ 325, ಜವಾಬ್ದಾರಿ ಪತ್ರ ನೋಡಲು 120, ಕೊನೆಗೆ ಗ್ರೀನ್ ಕಾರ್ಡಿಗೆ 235. ಒಟ್ಟು 1,305 ಡಾಲರ್, ಒಂದು ಲಕ್ಷ ಚಿಲ್ಲರೆ. ವೈದ್ಯಕೀಯ ಪರೀಕ್ಷೆಯ ಖರ್ಚು ಬೇರೆ. ನಮ್ಮ ಬಡಾವಣೆಯ ಒಬ್ಬ ಮಹಾಶಯ ಇದರ ಹಲವು ಪಟ್ಟು ಕೇಳಿದ. ಮೇಲೆ ಒಂದು ಪುಕ್ಕಟೆ ಸಲಹೆ ಬೇರೆ: ಟೂರಿಸ್ಟ್ ವೀಸಾದಲ್ಲಿ ಕರೆದುಕೊಂಡು ಹೋಗಿ ಅಲ್ಲೇ ಬದಲಾಯಿಸಿಕೊಳ್ಳಿ ಅಂತ. ನೆಲೆಸಲು ಹೋಗುವವನು ನೋಡಿಕೊಂಡು ಬರುತ್ತೇನೆ ಎಂದು ಅಧಿಕಾರಿಯ ಮುಂದೆ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಜೀವಮಾನವಿಡೀ ಪ್ರವೇಶ ಇಲ್ಲ ಎಂದಾಗಬಹುದು. ಸಲಹೆ ಕೊಟ್ಟವನು ಆಗ ಫೋನ್ ಎತ್ತುತ್ತಾನಾ?

ಅಲ್ಲಿ ಬ್ಯಾಂಕ್ ಖಾತೆ ಇಲ್ಲದಿದ್ದರೆ ಒಂದು ಕಡೆ ಅಲ್ಲಿನವರ ಸಹಾಯ ಬೇಕೇ ಬೇಕು. ವೀಸಾ ಸೆಂಟರಿನ ಎರಡು ಶುಲ್ಕ ಆನ್‌ಲೈನಿನಲ್ಲಿ ಕಟ್ಟಬೇಕಾದರೆ ಅಮೆರಿಕದ ಬ್ಯಾಂಕ್ ಖಾತೆಯ ನಂಬರೇ ಬೇಕು. ಇಲ್ಲಿನ ಕಾರ್ಡ್ ನಡೆಯುವುದಿಲ್ಲ.

ಇಷ್ಟೆಲ್ಲ ಹೇಳಿದೆ. ಆದರೆ ನಿಜವಾಗಿ ನಮ್ಮನ್ನು ಸುಸ್ತು ಮಾಡಿದ್ದು ಅಮೆರಿಕ ಅಲ್ಲ, ನಮ್ಮದೇ ಕಾಗದಗಳು. ಅಳಿಯನ ಜನನ ಪತ್ರದಲ್ಲಿ ಹೆಸರಿನ ಜಾಗ ಖಾಲಿ. ಗಂಡು ಎಂದಿದೆ, ತಂದೆ ತಾಯಿಯ ಹೆಸರಿದೆ, ಅವನ ಹೆಸರಿಲ್ಲ. ನಾಮಕರಣಕ್ಕೆ ಮುಂಚೆಯೇ ಆಸ್ಪತ್ರೆಯವರು ಬರೆಸಿದ್ದು, ಆಮೇಲೆ ಯಾರೂ ಆ ಕಡೆ ತಲೆ ಹಾಕಿಲ್ಲ. ಅವನ ವಯಸ್ಸಿನವರಲ್ಲಿ ಇದು ತೀರಾ ಸಾಮಾನ್ಯ. 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೇ ಕಲಂ ಪ್ರಕಾರ ಹೆಸರನ್ನು ಆಮೇಲೆ ಸೇರಿಸಲು ಅವಕಾಶ ಇದೆ. ಅವನು ಹುಟ್ಟಿದ ಪಟ್ಟಣದ ಕಚೇರಿಯಲ್ಲಿ ಒಬ್ಬರು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತನ್ನಿ ಅಂದರು, ಇನ್ನೊಬ್ಬರು ಅಫಿಡವಿಟ್ ಅಂದರು, ಮತ್ತೊಬ್ಬರು ಹಳೆಯ ರಿಜಿಸ್ಟರ್ ಗೆದ್ದಲು ತಿಂದಿದೆ ಅಂದರು. ರಿಜಿಸ್ಟರ್ ಚೆನ್ನಾಗಿಯೇ ಇತ್ತು, ಬೀರುವಿನ ಕೀ ಇದ್ದವರು ರಜೆಯಲ್ಲಿದ್ದರು.

ಇನಿಷಿಯಲ್ಲಿನ ಗೋಳು ಇನ್ನೊಂದು. ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಊರು ಮತ್ತು ಅಪ್ಪನ ಹೆಸರು ಬಿಡಿಸಿ ಬರೆದದ್ದು, ಮದುವೆ ಪತ್ರದಲ್ಲಿ ಒಂದೇ ಇನಿಷಿಯಲ್. ಮೂವರೂ ಒಬ್ಬನೇ ಎಂದು ನಮಗೆ ಗೊತ್ತು, ದೂರದಲ್ಲಿ ಫೈಲು ನೋಡುವವರಿಗೆ ಹೇಗೆ ಗೊತ್ತಾಗಬೇಕು? ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರಂತೂ ವೀಸಾದಲ್ಲಿ ಅದು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು', ಅಂದರೆ ಮೊದಲ ಹೆಸರು ಗೊತ್ತಿಲ್ಲ, ಎಂದು ಬೀಳುತ್ತದೆ. ಅಲ್ಲಿ ಹೋದ ಮೇಲೆ ಬ್ಯಾಂಕಿನವರು ಮಿಸ್ಟರ್ ಎಫ್‌ಎನ್‌ಯು ಎಂದು ಕರೆದರೆ ನಗಬೇಕೋ ಅಳಬೇಕೋ. ಉಪನೋಂದಣಾಧಿಕಾರಿಗಳ ಕಚೇರಿಗಳಲ್ಲಿ ಮದುವೆ ನೋಂದಾಯಿಸುವಾಗ ಪಾಸ್‌ಪೋರ್ಟ್ ಇದ್ದರೆ ಅದರಲ್ಲಿರುವಂತೆಯೇ ಹೆಸರು ಬರೆಯಿರಿ ಎಂದು ಒಂದು ಬೋರ್ಡ್ ಹಾಕಿದರೂ ಎಷ್ಟೋ ಮನೆಗಳಿಗೆ ಉಪಕಾರ ಆಗುತ್ತದೆ.

ಕನ್ನಡದಲ್ಲಿರುವ ಕಾಗದಗಳ ಅನುವಾದಕ್ಕೆ ಸರ್ಕಾರಿ ಮೊಹರು ಬೇಡ. ಎರಡೂ ಭಾಷೆ ಬಲ್ಲವರು ಮಾಡಿ, ಇದು ಪೂರ್ತಿ ಮತ್ತು ಸರಿಯಾಗಿದೆ, ನನಗೆ ಎರಡೂ ಭಾಷೆ ಬರುತ್ತದೆ ಎಂದು ಬರೆದು ಸಹಿ ಹಾಕಿದರೆ ಆಯಿತು. ನಮಗೆ ಮಾಡಿಕೊಟ್ಟದ್ದು ಎದುರು ಮನೆಯ ನಿವೃತ್ತ ಇಂಗ್ಲಿಷ್ ಮೇಡಂ. ಪುಟಕ್ಕೆ ಸಾವಿರಗಟ್ಟಲೆ ಕೇಳುವವರ ಹತ್ತಿರ ಹೋಗಬೇಡಿ. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಕಚೇರಿಯಿಂದ ಸಿಗುತ್ತದೆ. ಅಳಿಯ ಹುಡುಗ ದುಬೈನಲ್ಲೋ ಮಸ್ಕತ್‌ನಲ್ಲೋ ಒಂದು ವರ್ಷಕ್ಕಿಂತ ಜಾಸ್ತಿ ಇದ್ದಿದ್ದರೆ ಆ ದೇಶದ್ದೂ ಬೇಕಾಗುತ್ತದೆ, ಅದಕ್ಕೆ ಮೊದಲೇ ಕೈ ಹಾಕಿ.

ವೀಸಾ ಸಂದರ್ಶನಕ್ಕೆ ನಾವು ಹೋದದ್ದು ಮುಂಬೈನ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿರುವ ಅಮೆರಿಕದ ಕಾನ್ಸುಲೇಟ್‌ಗೆ. ಒಳಗೆ ಫೋನ್ ಬಿಡುವುದಿಲ್ಲ. ಅರ್ಜಿ ಹಾಕಿದ ಹೆಂಡತಿ ಒಳಗೆ ಬರಲೇಬೇಕೆಂದಿಲ್ಲ, ಮಗಳು ಹೊರಗೇ ಕಾದಳು. 2025ರ ಜನವರಿಯಲ್ಲಿ ಬೆಂಗಳೂರಿನಲ್ಲೂ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು, ಆದರೆ ಆಗ ಅಲ್ಲಿ ವೀಸಾ ಕೆಲಸ ಇರಲಿಲ್ಲ. ಅಲ್ಲಿ ಶುರುವಾಗಲಿ, ಆಮೇಲೆ ಅರ್ಜಿ ಹಾಕೋಣ ಎಂದು ಕಾಯುವವರನ್ನು ನಾನು ಕಂಡಿದ್ದೇನೆ. ಚೆನ್ನೈ, ಹೈದರಾಬಾದ್‌ಗಳಲ್ಲಿ ಕಾನ್ಸುಲೇಟ್ ಬಂದು ಎಷ್ಟೋ ವರ್ಷವಾದರೂ ನಾವು ಈ ವೀಸಾಕ್ಕೆ ಮುಂಬೈಗೆ ಹೋಗಬೇಕಾಯಿತು. ಬೆಂಗಳೂರನ್ನು ನಂಬಿ ಐ-130 ತಡಮಾಡಬೇಡಿ.

ಇಂತಿ,
ನಿವೃತ್ತ ಎಂಜಿನಿಯರ್,
ಕುವೆಂಪುನಗರ, ಮೈಸೂರು