ಇಂಧನ ಸಚಿವರಿಗೆ: ವಿದ್ಯುತ್ ಸಂಗ್ರಹದ ಮುಂದಿನ ಟೆಂಡರ್‌ನಲ್ಲಿ ಇಡೀ ರಾತ್ರಿಯನ್ನು ಲೆಕ್ಕಕ್ಕೆ ತಗೊಳ್ಳಿ

ಮಾನ್ಯ ಇಂಧನ ಸಚಿವರೇ,

ನಾನು ರಸಾಯನಶಾಸ್ತ್ರ ಕಲಿಸುವವಳು. ಪ್ರತಿ ವರ್ಷ ಮಕ್ಕಳಿಗೆ ಒಂದು ಪ್ರಯೋಗ ಮಾಡಿ ತೋರಿಸುತ್ತೇನೆ. ಆಸಿಡ್‌ನಲ್ಲಿ ಕರಗಿಸಿದ ವೆನೇಡಿಯಂ ಎಂಬ ಲೋಹ ಮೊದಲು ಹಳದಿ. ಸತುವಿನ ಪುಡಿ ಹಾಕಿ ಕುಲುಕುತ್ತಾ ಹೋದರೆ ನೀಲಿ, ಆಮೇಲೆ ಹಸಿರು, ಕೊನೆಗೆ ನೇರಳೆ. ಆ ನೇರಳೆಯನ್ನು ಸುಮ್ನೆ ತೆರೆದಿಟ್ಟರೆ ಗಾಳಿ ತಾಗಿ ಮತ್ತೆ ಹಸಿರಿಗೆ ತಿರುಗುತ್ತದೆ. ಹಿಂದಿನ ಬೆಂಚಿನವರೂ ಎದ್ದು ಬಂದು ನೋಡುತ್ತಾರೆ.

ವಿದ್ಯುತ್ತನ್ನು ದ್ರಾವಣದಲ್ಲಿ ಕೂಡಿಡುವ ವೆನೇಡಿಯಂ ಫ್ಲೋ ಬ್ಯಾಟರಿ ನಿಂತಿರುವುದು ಈ ನಾಲ್ಕು ಬಣ್ಣಗಳ ಮೇಲೆಯೇ. ಎರಡು ಟ್ಯಾಂಕು, ಎರಡು ಪಂಪು, ನಡುವೆ ತೆಳು ಪೊರೆ ಇರುವ ಸೆಲ್‌ಗಳ ಸಾಲು. ಚಾರ್ಜ್ ಆದಾಗ ಒಂದು ಟ್ಯಾಂಕು ಹಳದಿ, ಇನ್ನೊಂದು ನೇರಳೆ. ವಿದ್ಯುತ್ ಕೊಡುತ್ತಾ ಬಂದಂತೆ ಒಂದು ನೀಲಿ, ಇನ್ನೊಂದು ಹಸಿರು. ಎಷ್ಟು ಮೆಗಾವ್ಯಾಟ್ ಎನ್ನುವುದು ಸೆಲ್‌ಗಳ ಲೆಕ್ಕ, ಎಷ್ಟು ಹೊತ್ತು ಎನ್ನುವುದು ಟ್ಯಾಂಕಿನ ಲೆಕ್ಕ. 4 ಗಂಟೆ ಸಾಲದು, 10 ಗಂಟೆ ಬೇಕು ಅಂದರೆ ಟ್ಯಾಂಕು ದೊಡ್ಡದು ಮಾಡಿ ದ್ರಾವಣ ಜಾಸ್ತಿ ತುಂಬಿಸಿದರಾಯಿತು. ಸೆಲ್‌ಗಳನ್ನು ಮುಟ್ಟಬೇಕಿಲ್ಲ. ಲಿಥಿಯಂನಲ್ಲಾದರೆ ಹೊತ್ತು ಹೆಚ್ಚಿಸಲು ಬ್ಯಾಟರಿಯನ್ನೇ ಹೆಚ್ಚಿಸಬೇಕು.

ಟೆಂಡರ್‌ನಲ್ಲಿ 2 ಗಂಟೆ, 4 ಗಂಟೆ ಅಂತ ಕೇಳಿ, ಮೊದಲ ದಿನದ ಬೆಲೆ ಯಾರದು ಕಡಿಮೆ ಅಂತಷ್ಟೇ ನೋಡಿದರೆ ಲಿಥಿಯಂ ಗೆಲ್ಲುತ್ತದೆ. ಸಂಜೆಯ ಆ ಎರಡು ತಾಸಿಗೆ ಅದೇ ಸರಿ ಕೂಡ. ಆದರೆ ಸೂರ್ಯ ಮುಳುಗಿದ ಮೇಲೆ ಇಡೀ ರಾತ್ರಿ ಇರುತ್ತದಲ್ವಾ? ಆ ರಾತ್ರಿಗೂ ಕಲ್ಲಿದ್ದಲನ್ನೇ ನೆಚ್ಚಿಕೊಂಡಿದ್ದರೆ ಹಗಲು ಹಾಕಿದ ಸೋಲಾರ್ ಅರ್ಧ ಕೆಲಸ ಮಾತ್ರ.

ಇದು ನಿನ್ನೆ ಮೊನ್ನೆಯ ಕನಸಲ್ಲ. 1970ರ ದಶಕದಲ್ಲಿ ನಾಸಾ ಕಬ್ಬಿಣ ಮತ್ತು ಕ್ರೋಮಿಯಂ ಬಳಸಿ ಫ್ಲೋ ಬ್ಯಾಟರಿ ಮಾಡಿತು. ಪೊರೆ ದಾಟಿ ಒಂದು ಲೋಹ ಇನ್ನೊಂದರ ಜೊತೆ ಬೆರೆತುಬಿಡುವುದು ದೊಡ್ಡ ತಲೆನೋವಾಗಿತ್ತು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮರಿಯಾ ಸ್ಕೈಲಾಸ್ ಕಜಾಕೋಸ್ ಮತ್ತು ಸಂಗಡಿಗರು ಎರಡೂ ಕಡೆ ವೆನೇಡಿಯಂ ಅನ್ನೇ ಇಟ್ಟರು. ಈಗ ಬೆರೆತರೂ ಬೆರೆತದ್ದು ವೆನೇಡಿಯಂ ಜೊತೆಗೆ ವೆನೇಡಿಯಂ. ಸರಿಪಡಿಸಿ ಮತ್ತೆ ಬಳಸಬಹುದು. ಪಂಪು, ಪೊರೆ ಸವೆದರೂ ದ್ರಾವಣದ ಬೆಲೆ ಉಳಿಯುತ್ತದೆ. ನನಗೆ ಇದರಲ್ಲಿ ತುಂಬಾ ಇಷ್ಟವಾಗುವುದು ಇದೇ.

2022ರಲ್ಲಿ ಚೀನಾದ ದಾಲಿಯನ್‌ನಲ್ಲಿ 100 ಮೆಗಾವ್ಯಾಟ್, 400 ಮೆಗಾವ್ಯಾಟ್ ಗಂಟೆಯ ವೆನೇಡಿಯಂ ಬ್ಯಾಟರಿ ಘಟಕ ಗ್ರಿಡ್‌ಗೆ ಸೇರಿತು. ಅದೂ 4 ಗಂಟೆಯದೇ. ಆದರೆ ಅಷ್ಟು ದೊಡ್ಡದನ್ನು ಕಟ್ಟಿ ನಡೆಸಬಹುದು ಎನ್ನುವುದಂತೂ ಗೊತ್ತಾಯಿತು.

ಕುಂದುಗಳನ್ನೂ ಹೇಳಿಬಿಡುತ್ತೇನೆ. ಇದಕ್ಕೆ ಜಾಗ ಜಾಸ್ತಿ ಬೇಕು. ಹಾಕಿದ ವಿದ್ಯುತ್ತಿನಲ್ಲಿ ವಾಪಸ್ ಸಿಗುವುದು ಲಿಥಿಯಂಗಿಂತ ಕಡಿಮೆ. ದ್ರಾವಣದ ಬಿಸಿ 40 ಡಿಗ್ರಿ ದಾಟಿದರೆ ವೆನೇಡಿಯಂ ಗಟ್ಟಿಯಾಗಿ ತಳಕ್ಕೆ ಕೂರತೊಡಗುತ್ತದೆ, ಹಾಗಾಗಿ ತಂಪು ಮಾಡುವ ಖರ್ಚಿದೆ. ನೀರೇ ಹೆಚ್ಚಿರುವ ದ್ರಾವಣ, ಅದಕ್ಕೆ ಬೆಂಕಿ ಹತ್ತುವುದಿಲ್ಲ. ಆದರೆ ಸಲ್ಫ್ಯೂರಿಕ್ ಆಸಿಡ್ ಇರುವುದರಿಂದ ಸೋರಿದರೆ ತಡೆಯಲು ಸುತ್ತ ಕಟ್ಟೆ ಬೇಕೇ ಬೇಕು. ವೆನೇಡಿಯಂ ಬೆಲೆಯೂ ಏರಿಳಿಯುತ್ತಿರುತ್ತದೆ.

ಈ ಕೊನೆಯದಕ್ಕೆ ನಿಮ್ಮ ಕೈಯಲ್ಲೇ ಒಂದು ದಾರಿ ಇದೆ. ದ್ರಾವಣವನ್ನು ಕೊಳ್ಳುವ ಬದಲು ಬಾಡಿಗೆಗೆ ಪಡೆಯಲು ಅವಕಾಶ ಕೊಡಿ. 8 ಗಂಟೆ ಮತ್ತು ಅದಕ್ಕೂ ಹೆಚ್ಚು ಹೊತ್ತಿನ ಸಂಗ್ರಹಕ್ಕೆ ಬೇರೆಯೇ ಟೆಂಡರ್ ಕರೆಯಿರಿ. ಬೆಲೆ ಹೋಲಿಸುವಾಗ 20 ವರ್ಷದ ಖರ್ಚು ನೋಡಿ: ಮಧ್ಯದಲ್ಲಿ ಬದಲಿಸಬೇಕಾದ ಬ್ಯಾಟರಿಯೂ ಅದರಲ್ಲಿರಲಿ, ಕೊನೆಗೆ ಉಳಿಯುವ ವೆನೇಡಿಯಂ ಬೆಲೆಯೂ ಇರಲಿ. ಆಮೇಲೆ ಯಾರು ಗೆದ್ದರೂ ನನಗೆ ಒಪ್ಪಿಗೆ.

ಟೆಂಡರ್‌ನ ಕರಡು ತಯಾರಾಗುವ ಮೊದಲು ನಿಮ್ಮ ಅಧಿಕಾರಿಗಳಿಗೆ ಆ ಪ್ರಯೋಗ ತೋರಿಸಲು ನಾನು ಸಿದ್ಧ. ಒಂದು ಬೀಕರ್, ಸ್ವಲ್ಪ ಸತು, ಅರ್ಧ ಗಂಟೆ ಸಾಕು.

ಇಂತಿ,
ಒಬ್ಬ ರಸಾಯನಶಾಸ್ತ್ರ ಶಿಕ್ಷಕಿ