ಕೆತ್ತನೆ ಯಂತ್ರಕ್ಕೆ ಇಂಟರ್‌ನೆಟ್ ಬೇಡ, ಹಳೆ ಕಂಪ್ಯೂಟರ್ ಸಾಕು

ಸಂಪಾದಕರಿಗೆ,

ಮಾನ್ಯರೇ,

ಬಾಗಿಲಿನ ಕೆತ್ತನೆ, ದೇವರಮನೆಯ ಜಾಲಿ, ಅಂಗಡಿ ಬೋರ್ಡಿನ ಅಕ್ಷರ ಎಲ್ಲವೂ ಈಗ ತಾಲ್ಲೂಕು ಊರಿನ ಮರಗೆಲಸದ ಶೆಡ್ಡಿನಲ್ಲೂ ಸಿಎನ್‌ಸಿ ರೌಟರ್ (ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಯಂತ್ರ) ಮೇಲೆಯೇ ಆಗುತ್ತಿವೆ. ಎಷ್ಟೋ ಕಡೆ ಆ ಯಂತ್ರದ ಪಕ್ಕದಲ್ಲಿ ಪ್ಯಾರಲಲ್ ಪೋರ್ಟ್ (ಹಿಂದೆ ಪ್ರಿಂಟರ್ ಜೋಡಿಸುತ್ತಿದ್ದ ಕಿಂಡಿ) ಇರುವ ಒಂದು ಹಳೆ ವಿಂಡೋಸ್ ಕಂಪ್ಯೂಟರ್ ಧೂಳು ಕುಡಿಯುತ್ತ ಕೂತಿರುತ್ತದೆ. ಅದನ್ನು ಬದಲಿಸಲು ಧೈರ್ಯ ಸಾಲದು. ಏಕೆಂದರೆ ಯಂತ್ರ ನಡೆಸುವ ಮ್ಯಾಕ್3 ತಂತ್ರಾಂಶದ ಪ್ಯಾರಲಲ್ ಪೋರ್ಟ್ ಡ್ರೈವರ್ 64 ಬಿಟ್ ವಿಂಡೋಸ್‌ನಲ್ಲಿ ಓಡುವುದಿಲ್ಲ. ಲೈಸೆನ್ಸ್ ಕೊಳ್ಳದಿದ್ದರೆ 500 ಸಾಲು ಜಿ-ಕೋಡ್ (ಯಂತ್ರಕ್ಕೆ ಕೊಡುವ ಆಜ್ಞೆಗಳು) ದಾಟುವುದಿಲ್ಲ, ಉಬ್ಬುಕೆತ್ತನೆಯ ಫೈಲಾದರೆ ಸಾವಿರಾರು ಸಾಲು. ಕೊನೆಗೆ ಪೆನ್‌ಡ್ರೈವಿನಲ್ಲಿ ಯಾರೋ ಕೊಟ್ಟ ಕಳ್ಳಪ್ರತಿಯೇ ಗತಿ.

ಇದಕ್ಕೆ ಬದಲಾಗಿ ಬ್ರೌಸರಿನಲ್ಲಿ ಯಂತ್ರ ನಡೆಸುವ ಮುಕ್ತ ತಂತ್ರಾಂಶಗಳಿವೆ ಎಂದು ಹೇಳಿದರೆ, ಕೆಲಸದವರು ಮೊದಲು ಕೇಳುವುದು ಒಂದೇ: 'ನೆಟ್ ಹೋದರೆ ಕೆತ್ತುವ ಬಿಟ್ ಮರದೊಳಗೇ ನಿಂತುಬಿಡುತ್ತಲ್ಲ?' ನಿಲ್ಲುವುದಿಲ್ಲ. ಸಿಎನ್‌ಸಿಜೆಎಸ್ ಎಂಬ ತಂತ್ರಾಂಶವನ್ನೇ ನೋಡಿ. ಅದು ಕೂರುವುದು ಯಂತ್ರದ ಪಕ್ಕದ ಕಂಪ್ಯೂಟರಿನಲ್ಲೇ. ಬ್ರೌಸರಿನಲ್ಲಿ 127.0.0.1:8000 ಎಂದು ಒತ್ತಿದರೆ ಪರದೆ ತೆರೆದುಕೊಳ್ಳುತ್ತದೆ. ಆ ವಿಳಾಸ ನಿಮ್ಮ ಕಂಪ್ಯೂಟರಿನದೇ. ತಂತ್ರಾಂಶ ಇಳಿಸಿಕೊಳ್ಳುವ ದಿನ ಮಾತ್ರ ನೆಟ್ ಬೇಕು. ಜಿ-ಕೋಡ್ ಸಾಲುಗಳನ್ನು ಯಂತ್ರಕ್ಕೆ ಕಳಿಸುವುದು ಹಿಂದೆ ಓಡುತ್ತಿರುವ ಸರ್ವರ್. ಆದ್ದರಿಂದ ಬ್ರೌಸರನ್ನೇ ಮುಚ್ಚಿದರೂ ಕೆತ್ತನೆ ಮುಂದುವರಿಯುತ್ತದೆ. ಆದರೆ ಕಂಪ್ಯೂಟರ್ ಸ್ಲೀಪ್‌ಗೆ ಹೋದರೆ ಕತೆ ಬೇರೆ. ಮೋಟಾರುಗಳಿಗೆ ಆಜ್ಞೆ ಕೊಡುವ ಪುಟ್ಟ ಆರ್ಡುಯಿನೋ ಊನೋ ಬೋರ್ಡಿನಲ್ಲಿರುವ ಗ್ರಬಲ್ ಎಂಬ ತಂತ್ರಾಂಶ ಒಂದು ಸಲಕ್ಕೆ ಹಿಡಿದಿಟ್ಟುಕೊಳ್ಳುವುದು ಕೆಲವೇ ಸಾಲು ಮಾತ್ರ. ಅದು ಮುಗಿದರೆ ಯಂತ್ರ ನಿಲ್ಲುತ್ತದೆ, ಸ್ಪಿಂಡಲ್ (ಬಿಟ್ ತಿರುಗಿಸುವ ಮೋಟಾರು) ಮಾತ್ರ ಅಲ್ಲೇ ತಿರುಗುತ್ತ ಮರ ಸುಟ್ಟು ಕಪ್ಪಾಗುತ್ತದೆ. ಸ್ಲೀಪ್, ತಾನಾಗಿ ಆಗುವ ಅಪ್‌ಡೇಟ್ ಎರಡನ್ನೂ ಮೊದಲ ದಿನವೇ ಬಂದ್ ಮಾಡಬೇಕು.

ಬೇಕಾದ ಸಾಮಾನು ಹೆಚ್ಚಿಲ್ಲ. 64 ಬಿಟ್ ಪ್ರೊಸೆಸರಿನ ಹಳೆ ಕಂಪ್ಯೂಟರಿಗೆ ಡೆಬಿಯನ್ ಅಥವಾ ಉಬುಂಟು ಎಂಬ ಉಚಿತ ಲಿನಕ್ಸ್ ಹಾಕಿ. ಸಿಎನ್‌ಸಿಜೆಎಸ್ ಓಡಲು ಬೇಕಾದ ನೋಡ್‌ಜೆಎಸ್‌ನ ದೀರ್ಘಾವಧಿ ಆವೃತ್ತಿ ಹಾಕಿ, ಅದರ ಜೊತೆಗೇ ಬರುವ ಎನ್‌ಪಿಎಂ ಎಂಬ ಸಾಧನದ ಮೂಲಕ ಸಿಎನ್‌ಸಿಜೆಎಸ್ ಇಳಿಸಿಕೊಳ್ಳಿ. ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್ ಆದರೂ ನಡೆಯುತ್ತದೆ, ಆದರೆ ಅದಕ್ಕೆ 5 ವೋಲ್ಟ್ 3 ಆಂಪಿಯರಿನ ಅಡಾಪ್ಟರೇ ಬೇಕು, ಮೊಬೈಲ್ ಚಾರ್ಜರ್ ಹಾಕಿ ಕೆಲಸದ ನಡುವೆ ಕೈಕೊಟ್ಟಿತೆಂದರೆ ತಪ್ಪು ಪೈದಲ್ಲ. ಪ್ಯಾರಲಲ್ ಪೋರ್ಟಿನ ಸಂಕೇತ ಹಂಚುವ ಬ್ರೇಕ್‌ಔಟ್ ಬೋರ್ಡ್ ತೆಗೆದು ಅಲ್ಲಿ ಊನೋ ಕೂರಿಸಿ, ಅದಕ್ಕೆ ಗ್ರಬಲ್ 1.1 ಹಾಕಿ. ಮೋಟಾರು, ಅದನ್ನು ನಡೆಸುವ ಡ್ರೈವರ್ ಪೆಟ್ಟಿಗೆ ಹಳೆಯವೇ ಇರಲಿ. ಡ್ರೈವರುಗಳ ಸ್ಟೆಪ್ ತಂತಿಗಳು ಊನೋದ 2, 3, 4ನೇ ಪಿನ್ನಿಗೆ. ಡೈರೆಕ್ಷನ್ 5, 6, 7ಕ್ಕೆ. ಡ್ರೈವರಿನ ಮೈನಸ್‌ಗಳೆಲ್ಲ ಗ್ರೌಂಡಿಗೆ. ಕರೆಂಟ್ ಇರುವಾಗ ಮೋಟಾರಿನ ತಂತಿ ಬಿಚ್ಚಬೇಡಿ, ಡ್ರೈವರ್ ಸುಡುತ್ತದೆ.

ಎಲ್ಲರೂ ಎಡವುವುದು ಸಿಎನ್‌ಸಿಜೆಎಸ್‌ನಲ್ಲಿ ಊನೋದ ಯುಎಸ್‌ಬಿ ಪೋರ್ಟ್ ತೆರೆಯುವಾಗ. ಪೋರ್ಟಿನ ವೇಗ (ಬಾಡ್ ದರ) 115200 ಇರಬೇಕು. ಅಗ್ಗದ ಊನೋಗಳಲ್ಲಿ ಯುಎಸ್‌ಬಿಗೆ ಸಿಎಚ್340 ಚಿಪ್ ಇರುತ್ತದೆ. ಉಬುಂಟು 22.04ರಲ್ಲಿ ಅಂಧರ ಬ್ರೈಲ್ ಪರದೆಗೆಂದು ಇರುವ ಬಿಆರ್‌ಎಲ್‌ಟಿಟಿವೈ ಎಂಬ ಸೇವೆ ಈ ಚಿಪ್ಪನ್ನು ತನ್ನ ಸಾಧನವೆಂದೇ ತಿಳಿದು ಕಸಿದುಕೊಳ್ಳುತ್ತದೆ, ಪೋರ್ಟು ಕಂಡ ಮರುಕ್ಷಣ ಮಾಯ! ಬ್ರೈಲ್ ಪರದೆ ಬಳಸದ ಕಡೆ ಅದನ್ನು ತೆಗೆದುಹಾಕಿದರಾಯಿತು. ಪೋರ್ಟು ಕಂಡರೂ 'ಅನುಮತಿ ಇಲ್ಲ' ಎಂದರೆ ಬಳಕೆದಾರನನ್ನು ಪೋರ್ಟ್ ಬಳಸಲು ಅನುಮತಿ ಇರುವ ಡಯಲ್‌ಔಟ್ ಗುಂಪಿಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ. ಇನ್ನೊಂದು ಮಾತು: ಪೋರ್ಟ್ ತೆರೆದಾಗಲೆಲ್ಲ ಊನೋ ರೀಸೆಟ್ ಆಗಿ ಯಂತ್ರ ತನ್ನ ಜಾಗವನ್ನೇ ಮರೆಯುತ್ತದೆ. ಕೆಲಸದ ನಡುವೆ ಡಿಸ್‌ಕನೆಕ್ಟ್ ಒತ್ತಬಾರದು.

ಅಳತೆಯ ಲೆಕ್ಕ ಸರಳ. ಡ್ರೈವರಿನಲ್ಲಿ ಮೋಟಾರಿನ ಒಂದು ಸುತ್ತಿಗೆ 1600 ಪಲ್ಸ್, ಯಂತ್ರವನ್ನು ಸರಿಸುವ ಬಾಲ್‌ಸ್ಕ್ರೂವಿನ ಪಿಚ್ (ಒಂದು ಸುತ್ತಿಗೆ ಸರಿಯುವ ದೂರ) 5 ಮಿ.ಮೀ. ಇದ್ದರೆ, ಮಿ.ಮೀ.ಗೆ ಎಷ್ಟು ಪಲ್ಸ್ ಎಂದು ಹೇಳುವ $100 ಎಂಬ ಗ್ರಬಲ್ ಸೆಟ್ಟಿಂಗಿನಲ್ಲಿ 320 ಬರೆಯಬೇಕು. ನಯ ಹೆಚ್ಚಲಿ ಎಂದು 6400 ಪಲ್ಸ್‌ಗೆ ಏರಿಸುವವರಿದ್ದಾರೆ, ಆಗ ಆ 320 ಹೋಗಿ 1280 ಆಗುತ್ತದೆ. ಊನೋ ಸೆಕೆಂಡಿಗೆ ಹೆಚ್ಚೆಂದರೆ 30,000 ಪಲ್ಸ್ ಕೊಟ್ಟೀತು. 320 ಇದ್ದಾಗ ನಿಮಿಷಕ್ಕೆ 5,600 ಮಿ.ಮೀ. ಓಡುವ ಯಂತ್ರ 1280 ಆದಾಗ 1,400ಕ್ಕೇ ಮುಗ್ಗರಿಸುತ್ತದೆ. 100 ಮಿ.ಮೀ. ಓಡಿಸಿ 99 ಬಂತೆಂದು $100ನ್ನು ತಿದ್ದಲೂ ಹೋಗಬೇಡಿ. ಬಾಲ್‌ಸ್ಕ್ರೂ ಅಷ್ಟು ಸುಳ್ಳು ಹೇಳುವುದಿಲ್ಲ, ಮೋಟಾರನ್ನೂ ಬಾಲ್‌ಸ್ಕ್ರೂವನ್ನೂ ಜೋಡಿಸುವ ಕಪ್ಲಿಂಗಿನ ಸ್ಕ್ರೂ ಸಡಿಲಾಗಿದೆಯೇ ನೋಡಿ.

ಊನೋ ಮೇಲೆ ಕೂರುವ ಹಳೆಯ ಸಿಎನ್‌ಸಿ ಶೀಲ್ಡ್ ಎಂಬ ಬೋರ್ಡಿನಲ್ಲಿ ಮತ್ತೊಂದು ಗೊಂದಲವಿದೆ. ಝಡ್ ಲಿಮಿಟ್ (ಮೇಲೆ-ಕೆಳಗಿನ ಚಲನೆಯ ಕೊನೆ ತಿಳಿಸುವ ಸ್ವಿಚ್) ಎಂದು ಅದರಲ್ಲಿ ಅಚ್ಚಾಗಿರುವುದು 11ನೇ ಪಿನ್ನಿಗೆ. ಗ್ರಬಲ್ 1.1 ಆ ಪಿನ್ನನ್ನು ಸ್ಪಿಂಡಲ್ ವೇಗಕ್ಕೆ ಕೊಟ್ಟು, ಝಡ್ ಲಿಮಿಟನ್ನು 12ಕ್ಕೆ ಕಳಿಸಿದೆ. ಅಚ್ಚು ನಂಬಿ ಸ್ವಿಚ್ ಜೋಡಿಸಿದರೆ ಹೋಮಿಂಗ್ (ಯಂತ್ರ ತನ್ನ ಆರಂಭದ ಜಾಗ ಹುಡುಕುವುದು) ಮಾಡುವಾಗ ಝಡ್ ಸ್ವಿಚ್ಚಿಗೆ ತಾಗಿದರೂ ನಿಲ್ಲದೆ ಮೇಲಕ್ಕೆ ಗುದ್ದುತ್ತದೆ. ಆ ಸ್ವಿಚ್ಚನ್ನು ಸ್ಪಿಂಡಲ್ ಎನೇಬಲ್ ಎಂದು ಬರೆದಿರುವ ಕಡೆಗೆ ಜೋಡಿಸಿ.

ಸ್ಪಿಂಡಲ್ ಶುರುವಾದೊಡನೆ ಯುಎಸ್‌ಬಿ ಕಡಿದುಹೋಗುವುದು ಸಾಮಾನ್ಯ ದೂರು. ಅದು ತಂತ್ರಾಂಶದ ದೋಷವಲ್ಲ, ಸ್ಪಿಂಡಲಿನ ವೇಗ ನಿಯಂತ್ರಿಸುವ ವಿಎಫ್‌ಡಿ ಪೆಟ್ಟಿಗೆಯ ವಿದ್ಯುತ್ ಗದ್ದಲ. ಎರಡು ಮೀಟರಿಗಿಂತ ಚಿಕ್ಕ, ಗದ್ದಲ ತಡೆಯುವ ಫೆರೈಟ್ ಮಣಿಯಿರುವ ಯುಎಸ್‌ಬಿ ಕೇಬಲ್ ಹಾಕಿ. ಸ್ಪಿಂಡಲಿಗೆ ಲೋಹದ ಹೊದಿಕೆ (ಶೀಲ್ಡ್) ಇರುವ ತಂತಿ ಹಾಕಿ ಅರ್ತಿಂಗ್ ಕೊಡಿ. ಎರಡನ್ನೂ ಒಂದೇ ಪೈಪಿನಲ್ಲಿ ಎಳೆಯಬೇಡಿ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಬಿಗಿಯಾಗಿರಬೇಕು. ಪರದೆಯ ಮೇಲಿನ ಪಾಜ್ ಗುಂಡಿ ತುರ್ತು ಗುಂಡಿಯಲ್ಲ. ಮೋಟಾರು, ಸ್ಪಿಂಡಲ್ ಎರಡರ ಕರೆಂಟನ್ನೂ ಕಡಿಯುವ ಕೆಂಪು ಗುಂಡಿ ಕೈಗೆಟಕುವಲ್ಲಿ ಇರಲೇಬೇಕು. ಮನೆಯಿಂದಲೇ ಫೋನಿನಲ್ಲಿ ನೋಡಬಹುದಲ್ಲ ಎಂದು ರೌಟರಿನಲ್ಲಿ (ಕೆತ್ತನೆಯದಲ್ಲ, ವೈಫೈಯದು) ಪೋರ್ಟ್ ತೆರೆದಿಡುವ ಚಾಳಿಯೂ ಇದೆ. 3ಡಿ ಪ್ರಿಂಟರ್ ನಡೆಸುವ ಆಕ್ಟೊಪ್ರಿಂಟ್ ಇದೇ ಜಾತಿಯ ತಂತ್ರಾಂಶ. 2018ರಲ್ಲಿ ಅದರ ಸುಮಾರು 3,700 ಪ್ರಿಂಟರ್‌ಗಳು ಇಂಟರ್‌ನೆಟ್ಟಿಗೆ ತೆರೆದುಕೊಂಡು ಬಿದ್ದಿದ್ದುದನ್ನು ಭದ್ರತಾ ತಜ್ಞರು ಪತ್ತೆಹಚ್ಚಿದ್ದರು. ಸಿಎನ್‌ಸಿಜೆಎಸ್ ಹೊರಗಿನವರನ್ನು ತಾನಾಗಿ ಒಳಬಿಡುವುದಿಲ್ಲ, ಆದರೆ ಅದೇ ವೈಫೈಯಲ್ಲಿರುವ ಯಾರಾದರೂ ಪಾಸ್‌ವರ್ಡ್ ಇಲ್ಲದೆ ರನ್ ಒತ್ತಬಹುದು. ಸೆಟ್ಟಿಂಗ್ಸಿನಲ್ಲಿ ಖಾತೆ ಮಾಡಿ ಪಾಸ್‌ವರ್ಡ್ ಹಾಕಿ.

ನಮ್ಮ ಐಟಿಐಗಳು, ಶಾಲೆಗಳ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಗುಜರಿಗೆ ಹಾಕುವ ಕಂಪ್ಯೂಟರುಗಳಲ್ಲಿ ಒಂದೆರಡನ್ನು ಇದಕ್ಕೆ ಎತ್ತಿಟ್ಟುಕೊಳ್ಳಲಿ, ಜೋಡಣೆಯ ಕೈಪಿಡಿಯನ್ನು ತರಬೇತಿ ಇಲಾಖೆ ಕನ್ನಡದಲ್ಲೇ ಕೊಡಲಿ. ಮೊದಲ ಪಾಠಕ್ಕೆ ಮರವೂ ಬೇಡ: ಬಿಟ್ ಬಿಚ್ಚಿ, ಸ್ಪಿಂಡಲ್ ಆಫ್ ಮಾಡಿ, ಫೈಲಿನ ಆರಂಭದಲ್ಲಿ ಜಿ21 (ಅಳತೆ ಮಿ.ಮೀ.ನಲ್ಲಿದೆ ಎಂಬ ಆಜ್ಞೆ) ಇದೆಯೇ ಎಂದು ನೋಡಿ, ಗಾಳಿಯಲ್ಲೇ ಒಂದು ಸುತ್ತು ಓಡಿಸಿದರೆ ಸಾಕು.

– ಸಿಎನ್‌ಸಿ ಯಂತ್ರ ಜೋಡಣೆಯ ತಂತ್ರಜ್ಞರು, ಶಿವಮೊಗ್ಗ