ಗಿಟಾರಿಗೆ ಮೇಷ್ಟ್ರು ಬೇಕೆ?

ಚಿ. ಅನಿರುದ್ಧನಿಗೆ ಮಾವನ ಆಶೀರ್ವಾದಗಳು.

ಗಿಟಾರ್ ಒಬ್ಬನೇ ಕಲೀತೀನಿ, ಮೇಷ್ಟ್ರ ಹತ್ತಿರ ಹೋದರೆ ನನ್ನ ಶೈಲಿ ಕೆಡುತ್ತೆ ಅಂತ ಬರೆದಿದ್ದೀಯ. ಸಾಕ್ಷಿಗೆ ಅಮೆರಿಕದ ಜಾಝ್ ಗಿಟಾರ್ ವಾದಕ ವೆಸ್ ಮಾಂಟ್ಗೊಮರಿಯನ್ನೂ ಎಳೆದು ತಂದಿದ್ದೀಯ. ನಿಜ, ಅವರು ಪಾಠಕ್ಕೆ ಹೋದವರಲ್ಲ, ತಂತಿ ಮೀಟುವ ಪುಟ್ಟ ಬಿಲ್ಲೆ, ಪಿಕ್ ಬಿಟ್ಟು ಹೆಬ್ಬೆರಳಲ್ಲೇ ನುಡಿಸಿದರು. ಆದರೆ ಅವರು ಹಿರಿಯ ಜಾಝ್ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ನರ ಸೋಲೋಗಳನ್ನು (ಒಬ್ಬರೇ ನುಡಿಸುವ ಭಾಗಗಳನ್ನು) ರೆಕಾರ್ಡ್ ಕೇಳಿ ಕೇಳಿಯೇ ಕಂಠಪಾಠ ಮಾಡಿಕೊಂಡಿದ್ದರು. ನೀನು ನೋಡುವುದು ಟ್ಯಾಬ್, ಯಾವ ತಂತಿ ಎಲ್ಲಿ ಒತ್ತಬೇಕು ಅಂತ ಅಂಕಿಯಲ್ಲಿ ಬರೆದಿಟ್ಟ ಚೀಟಿ. ಎರಡೂ ಒಂದೇ ಅಲ್ಲ ಕಣೋ.

ಕೈ ತಿದ್ದಿಸಿಕೊಳ್ಳೋಕೆ ಒಂದು ಮೂರು ತಿಂಗಳು ಮೇಷ್ಟ್ರ ಹತ್ತಿರ ಹೋಗು, ಕಿವಿಯ ಕೆಲಸ ನೀನೇ ಮಾಡಿಕೋ.

ನಿನ್ನ ವಿಡಿಯೋದಲ್ಲಿ ಎಫ್ ಬ್ಯಾರೆ (ತೋರುಬೆರಳನ್ನು ಎಲ್ಲ ತಂತಿಗಳಿಗೂ ಅಡ್ಡ ಒತ್ತಿ ಹಿಡಿಯುವ ಸ್ವರಗುಚ್ಛ) ಹಿಡಿದಾಗ ಆ ಬೆರಳು ಫ್ರೆಟ್‌ನಿಂದ, ಅಂದರೆ ಗಿಟಾರ್ ಕತ್ತಿನ ಮೇಲಿನ ಅಡ್ಡ ಕಂಬಿಯಿಂದ, ದೂರ ಕೂತಿದೆ. ಅದಕ್ಕೇ ತಂತಿ ಗುಯ್‌ಗುಡುತ್ತೆ, ನೀನು ಇನ್ನೂ ಬಿಗಿಯಾಗಿ ಒತ್ತುತ್ತೀಯ, ಮಣಿಕಟ್ಟು ನೋಯುತ್ತೆ. ಬೆರಳನ್ನು ಫ್ರೆಟ್ ಕಂಬಿಯ ಪಕ್ಕಕ್ಕೇ ತಂದು, ಮೂಳೆ ಇರುವ ಹೊರಬದಿಗೆ ಸ್ವಲ್ಪ ಹೊರಳಿಸು. ಹೆಬ್ಬೆರಳಿಂದ ಹಿಸುಕಬೇಡ, ತೋಳಿನ ಭಾರದಿಂದ ಹಿಂದಕ್ಕೆ ಎಳೆ. ಅದೇ ಆಕಾರ ಐದನೇ ಫ್ರೆಟ್‌ನಲ್ಲಿ ಸಲೀಸಾಗಿ ಬಂದು ಒಂದನೆಯದರಲ್ಲಿ ಮಾತ್ರ ಕಷ್ಟ ಅನಿಸಿದರೆ ತಪ್ಪು ನಿನ್ನದಲ್ಲ, ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ ಇದೆಯಲ್ಲ, ಆ ನಟ್‌ನ ಸೀಳುಗಳ ಆಳ ಸಾಲದು. 12ನೇ ಫ್ರೆಟ್ ಮೇಲೆ ದಪ್ಪ ತಂತಿ 3 ಮಿ.ಮೀ.ಗಿಂತ ಎತ್ತರ ಇದ್ದರೂ ರಿಪೇರಿಯವರಿಗೆ ಕೊಟ್ಟು ತಂತಿಯ ಎತ್ತರ ಸರಿಮಾಡಿಸು (ಇದಕ್ಕೇ ಸೆಟಪ್ ಅನ್ನೋದು). ಒಬ್ಬನೇ ಕಲಿಯುವವರು ಎಷ್ಟೋ ಜನ ಇಲ್ಲೇ ಸೋತು ಗಿಟಾರ್ ಮೂಲೆಗಿಡುತ್ತಾರೆ.

ಬೆಂಡ್‌ನದೂ, ಅಂದರೆ ಒತ್ತಿದ ತಂತಿಯನ್ನು ಪಕ್ಕಕ್ಕೆ ತಳ್ಳಿ ಸ್ವರ ಏರಿಸೋದರದ್ದೂ, ಇದೇ ಕಥೆ. ಎರಡನೇ ತಂತಿಯ 10ನೇ ಫ್ರೆಟ್ ನುಡಿಸಿ ಆ ಸ್ವರ ಕಿವಿಯಲ್ಲಿ ಇಟ್ಟುಕೋ, ಆಮೇಲೆ 8ನೆಯದನ್ನು ತಳ್ಳಿ ಅಲ್ಲಿಗೇ ಮುಟ್ಟಿಸು. ಒಂದೇ ಬೆರಳಲ್ಲಿ ತಳ್ಳಿದರೆ ಸ್ವರ ಕೆಳಗೇ ಉಳಿಯುತ್ತೆ. ಮೂರು ಬೆರಳು ಜೋಡಿಸಿ ಮಣಿಕಟ್ಟು ತಿರುಗಿಸಬೇಕು.

ಇನ್ನು ಶೈಲಿ. ಇಷ್ಟವಾದ ಸೋಲೋದಲ್ಲಿ ನಾಲ್ಕೇ ಬಾರ್ (ತಾಳದ ನಾಲ್ಕು ಸುತ್ತು) ಆರಿಸಿಕೋ. ವೇಗ ಅರ್ಧಕ್ಕಿಳಿಸಿ ಕೇಳು, ಮೊದಲು ಬಾಯಲ್ಲಿ ಹಾಡು, ಆಮೇಲೆ ತಂತಿಯಲ್ಲಿ ಹುಡುಕು. ಸಿಕ್ಕಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಮೂಲದ ಪಕ್ಕ ಇಟ್ಟು ಕೇಳು. ಸ್ವರ ಸರಿ ಇದ್ದು ಬಿಡುವು ತಪ್ಪಿರುತ್ತೆ, ಬಹಳ ಸಲ. ಸರಿಯಾದ ಮೇಲೆ ಸ್ವರ ಹಾಗೇ ಇಟ್ಟು ಲಯ ಮಾತ್ರ ಬದಲಿಸಿ ನೋಡು.

ನಿನಗೆ ಕರ್ನಾಟಕ ಗಾಯನದ ಪಾಠ ಬೇರೆ ಆಗಿದೆ, ಅದನ್ನು ಯಾಕೆ ಬಚ್ಚಿಟ್ಟಿದ್ದೀಯೋ! ನೀನು ಉಜ್ಜುವ ಮೇಜರ್ ಪೆಂಟಟಾನಿಕ್ ಅನ್ನೋ ಐದು ಸ್ವರದ ಸಾಲು ಅಂದರೆ ಮೋಹನ ರಾಗದ ಸ್ವರಗಳೇ. ಒತ್ತದೆ ಬಿಟ್ಟ ಒಂದೇ ತಂತಿಯನ್ನು ಷಡ್ಜ ಮಾಡಿಕೊಂಡು 2, 4, 7, 9, 12ನೇ ಫ್ರೆಟ್‌ಗಳಲ್ಲಿ ನುಡಿಸು. ಗಾಂಧಾರವನ್ನು ನೀನು ಹಾಡುವ ಹಾಗೇ ಜಾರಿಸಿ ತಾ.

ಮೇಷ್ಟ್ರನ್ನು ಆರಿಸುವಾಗ ನಿನ್ನ ರೆಕಾರ್ಡಿಂಗ್ ಕೇಳಿಸಿ, ಏನು ತಿದ್ದುತ್ತೀರಿ ಅಂತ ಕೇಳು. ಕೇಳದೆ ಸೀದಾ ಪರೀಕ್ಷೆಯ ಗ್ರೇಡ್ ಪುಸ್ತಕ ತೆಗೆದರೆ ಇನ್ನೊಬ್ಬರನ್ನು ನೋಡು.

ಮುಂದಿನ ಸಲ ಪೂರ್ತಿ ಹಾಡು ಕಳಿಸಬೇಡ, ಆ ನಾಲ್ಕು ಬಾರ್ ಸಾಕು. ತಾಳಕ್ಕೆ ಟಕ್ ಟಕ್ ಅನ್ನುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು, ಅದರ ಸದ್ದೂ ಕೇಳುವ ಹಾಗೆ ರೆಕಾರ್ಡ್ ಮಾಡು. ಅಕ್ಕ-ಭಾವನಿಗೆ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಮಾವ